ಕೇಳುವವನ ಧರ್ಮ

ಯತಿಯಾದವನು ಭಿಕ್ಷೆಗೆ ಹೇಗೆ ಹೋಗಬೇಕೆಂಬುದಕ್ಕೆ ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ವಿಧಿಗಳುಂಟು. ದಿನಕ್ಕೆ ಒಂದೇ ಸಲ ಹೋಗತಕ್ಕದ್ದು; ಅದೂ ಒಲೆಯ ಹೊಗೆಯಡಗಿ, ಒನಕೆಯ ಸದ್ದು ನಿಂತು, ಮನೆಮಂದಿಯ ಊಟವಾದ ಬಳಿಕ. ಸಿಕ್ಕಲಿಲ್ಲವೆಂದು ಮನಸ್ಸನ್ನು ಕೆಡಿಸಿಕೊಳ್ಳುವಂತಿಲ್ಲ. ದಾನದ ವಿಷಯವಾಗಿ ಕೊಡುವವನಿಗೆ ಹೇಳಿದ ಮಾತುಗಳನ್ನು ಎಲ್ಲರೂ ಬಲ್ಲರು. ಕೇಳುವವನಿಗೆ ಹೇಳಿದ ಈ ಮಾತುಗಳನ್ನು ನೆನೆಯುವವರು ಕಡಮೆ. ನೆನೆಯಬೇಕಾದ ಅಗತ್ಯವೂ ಬಹುಕಾಲ ಬರಲಿಲ್ಲವೆನ್ನಬಹುದು. ಏಕೆಂದರೆ ಕೇಳುವವನು ಮನುಷ್ಯನಾಗಿರುವವರೆಗೆ ಅವನ ಕಾಲು ನೋಯುತ್ತದೆ, ಗಂಟಲು ಒಣಗುತ್ತದೆ, ಮುಖ ಸಣ್ಣದಾಗುತ್ತದೆ. ಮೂರು ಸಲ ಕೂಗಿದರೂ ಬಾಗಿಲು ತೆರೆಯದಿದ್ದರೆ ತಾನಾಗಿಯೇ ಮುಂದಿನ ಮನೆಗೆ ಹೋಗುತ್ತಾನೆ. ಶಾಸ್ತ್ರವು ಹಾಕಿದ ಮಿತಿಯನ್ನು ದೇಹವೇ ಕಾಪಾಡಿಕೊಂಡು ಬಂದಿತು.

ಕಾಲೂ ನೋಯದ, ಗಂಟಲೂ ಒಣಗದ, ನಾಚಿಕೆಯನ್ನೂ ಅರಿಯದ ಯಾಚಕನೊಬ್ಬನು ಹುಟ್ಟಿದರೆ ಆಗ ಗತಿಯೇನು? ಅಂಥ ಯಾಚಕರು ಲಕ್ಷಗಟ್ಟಲೆಯಾಗಿ ಒಂದೇ ಬಾಗಿಲಿನ ಮುಂದೆ ನಿಂತ ಪ್ರಸಂಗವು 2003ನೆಯ ಇಸವಿಯಲ್ಲಿ ಅಮೆರಿಕದ ಮ್ಯಾಡಿಸನ್ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಅವರು ಬೇಡಿದ್ದು ಅನ್ನವಲ್ಲ, ಹಣವಲ್ಲ, ‘ಈಗ ಗಂಟೆಯೆಷ್ಟು?’ ಎಂಬ ಒಂದು ಮಾತಿನ ಉತ್ತರ.

ಸಂಗತಿಯನ್ನು ತಿಳಿಯುವುದಕ್ಕೆ ಮೊದಲು ಕಾಲವನ್ನು ಹೇಳುವ ಈ ವ್ಯವಸ್ಥೆಯನ್ನು ಸ್ವಲ್ಪ ಅರಿಯಬೇಕು. ಗಡಿಯಾರವೆಂಬುದು ಎಷ್ಟು ಒಳ್ಳೆಯದಾದರೂ ತಪ್ಪತಕ್ಕದ್ದೇ. ಗಣಕಯಂತ್ರದ ಒಳಗಿರುವ ಸ್ಫಟಿಕದ ಗಡಿಯಾರವೂ ಸೆಕೆಯಲ್ಲಿ ಒಂದು ಬಗೆ, ಚಳಿಯಲ್ಲಿ ಒಂದು ಬಗೆಯಾಗಿ ದಿನಕ್ಕೆ ಒಂದೆರಡು ಸೆಕೆಂಡು ಹಿಂದುಮುಂದಾಗುತ್ತದೆ. ಆದುದರಿಂದ ಯಂತ್ರಗಳು ಆಗಾಗ ತಮಗಿಂತ ಬಲ್ಲ ಯಂತ್ರವನ್ನು ಕೇಳಿ ತಿದ್ದಿಕೊಳ್ಳುವ ಪದ್ಧತಿಯೊಂದು ಏರ್ಪಟ್ಟಿತು. ನೆಟ್‌ವರ್ಕ್ ಟೈಮ್ ಪ್ರೊಟೊಕಾಲ್ ಎಂಬ ಹೆಸರಿನ ಈ ಪದ್ಧತಿಯನ್ನು 1985ರಲ್ಲಿ ಹೊರತಂದವರು, ಮುಂದೆ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಡೇವಿಡ್ ಮಿಲ್ಸ್ ಮಹಾಶಯರು. ಅವರು 2024ರಲ್ಲಿ ಕಾಲವಾದರು. ಇದರಲ್ಲಿ ಗುರುಶಿಷ್ಯಪರಂಪರೆಯಂಥ ಒಂದು ಶ್ರೇಣಿಯಿದೆ. ಪರಮಾಣು ಗಡಿಯಾರದಿಂದಲೋ ಆಕಾಶದ ಜಿ.ಪಿ.ಎಸ್. ಉಪಗ್ರಹಗಳಿಂದಲೋ ನೇರವಾಗಿ ಕಾಲವನ್ನು ಪಡೆಯುವ ಸರ್ವರುಗಳದು ಮೊದಲನೆಯ ಮೆಟ್ಟಿಲು, ಅವುಗಳಿಂದ ಕಲಿತವು ಎರಡನೆಯವು, ಹೀಗೆಯೇ ಮುಂದಕ್ಕೆ. ಸಣ್ಣ ಕೆಲಸದವರು ಮೊದಲನೆಯ ಮೆಟ್ಟಿಲಿಗೆ ಹೋಗಿ ತೊಂದರೆ ಕೊಡದೆ, ಕೆಳಗಿನ ಮೆಟ್ಟಿಲಿನವರನ್ನು ಕೇಳಿಕೊಳ್ಳಬೇಕೆಂಬುದು ಆ ಲೋಕದ ಮರ್ಯಾದೆ. ಪ್ರಶ್ನೆಯನ್ನು ಹೊತ್ತ ಚೀಟಿ, ಅವರ ಮಾತಿನಲ್ಲಿ ಪ್ಯಾಕೆಟ್, 48 ಬೈಟುಗಳಷ್ಟು ಮಾತ್ರ, ಉತ್ತರವೂ ಅಷ್ಟೇ. ಇದಕ್ಕಾಗಿ ಯಾರೂ ಶುಲ್ಕವನ್ನು ಕೇಳುತ್ತಿರಲಿಲ್ಲ. ಬೇಸಗೆಯಲ್ಲಿ ದಾರಿಯ ಬದಿಗೆ ಅರವಟ್ಟಿಗೆಯಿಡುವವರಂತೆ ವಿಶ್ವವಿದ್ಯಾಲಯಗಳೂ ಪ್ರಯೋಗಶಾಲೆಗಳೂ ಕೆಲವರು ಖಾಸಗಿ ಗೃಹಸ್ಥರೂ ಇಂಥ ಸರ್ವರುಗಳನ್ನಿಟ್ಟು, ಅವುಗಳ ವಿಳಾಸಗಳನ್ನು ಬಹಿರಂಗವಾಗಿ ಪ್ರಕಟಿಸಿ, ಬಂದವರಿಗೆಲ್ಲ ಕಾಲವನ್ನು ಹೇಳುತ್ತಿದ್ದರು.

2003ನೆಯ ಇಸವಿಯ ಮೇ 14ರಂದು ವಿಸ್ಕಾನ್ಸಿನ್ನಿನ ಜಾಲಪಾಲಕರು ತಮ್ಮ ಕಾಲದ ಸರ್ವರಿಗೆ ಚೀಟಿಗಳು ಪ್ರವಾಹದಂತೆ ಬರುತ್ತಿರುವುದನ್ನು ಕಂಡರು. ಯಾರೋ ದುಷ್ಟರು ಸೇವೆಯನ್ನು ಕೆಡಿಸಬೇಕೆಂದು ಮಾಡುತ್ತಿರುವ ದಾಳಿಯಿರಬೇಕೆಂದು ಅವರು ಭಾವಿಸಿದುದು ಸಹಜವೇ. ಅಂಥ ದಾಳಿಗಳಿಗೆ ಇರುವ ಮದ್ದನ್ನೇ ಮಾಡಿದರು: ಜಾಲದ ಗಡಿಯಲ್ಲಿಯೇ ಆ ಚೀಟಿಗಳನ್ನು ತಡೆದರು. ದಾಳಿಮಾಡುವವರು ಒಂದೆರಡು ದಿನ ನೋಡಿ, ಬೇಸತ್ತು, ಬೇರೆ ಕಡೆಗೆ ಹೋಗುವುದು ವಾಡಿಕೆ. ಇಲ್ಲಿ ಹಾಗಾಗಲಿಲ್ಲ. ತಡೆದ ಮೇಲೆ ಪ್ರವಾಹ ಇಳಿಯುವುದಕ್ಕೆ ಬದಲಾಗಿ ಏರಿತು. ಜೂನ್ ತಿಂಗಳ ಹೊತ್ತಿಗೆ ಸೆಕೆಂಡಿಗೆ 2,50,000 ಚೀಟಿಗಳು, ಎಂದರೆ ಸೆಕೆಂಡಿಗೆ 150 ಮೆಗಾಬಿಟ್‌ಗಳ ಭಾರ, ಒಂದೇ ಬಾಗಿಲಿಗೆ ಬಂದು ಬಡಿಯುತ್ತಿತ್ತು. ಇನ್ನೂ ಒಂದು ಸೋಜಿಗವಿತ್ತು. ಮೋಸಗಾರನು ತನ್ನ ಗುರುತನ್ನು ಮರೆಸುತ್ತಾನೆ. ಈ ಚೀಟಿಗಳು ಭೂಮಂಡಲದ ಯಾವ ಮೂಲೆಯಿಂದ ಬಂದರೂ 23457 ಎಂಬ ಒಂದೇ ದ್ವಾರಸಂಖ್ಯೆಯನ್ನು ಹಣೆಯ ಮೇಲೆ ಬರೆದುಕೊಂಡು ಬರುತ್ತಿದ್ದವು. ನಿರಪರಾಧಿಗಳು ಮಾತ್ರ ಇಷ್ಟು ಬಹಿರಂಗವಾಗಿ ಹೆಜ್ಜೆಗುರುತನ್ನು ಬಿಟ್ಟು ಹೋಗುತ್ತಾರೆ.

ಆ ವಿಶ್ವವಿದ್ಯಾಲಯದ ಡೇವ್ ಪ್ಲಾಂಕಾ ಎಂಬವರು ಶೋಧಿಸಿ ನೋಡಲಾಗಿ, ಮೂಲವು ನೆಟ್‌ಗಿಯರ್ ಎಂಬ ಕಂಪನಿಯು ಗೃಹಸ್ಥರಿಗಾಗಿ ತಯಾರಿಸಿದ ಅಗ್ಗದ ರೌಟರುಗಳಲ್ಲಿ ಸಿಕ್ಕಿತು. ರೌಟರೆಂದರೆ ಮನೆಯ ಗಣಕಗಳನ್ನು ಹೊರಗಿನ ಇಂಟರ್ನೆಟ್ಟಿಗೆ ಕೂಡಿಸುವ, ಕಪಾಟಿನ ಮೇಲೆ ದೀಪ ಮಿನುಗಿಸುತ್ತ ಕುಳಿತಿರುವ ಚಿಕ್ಕ ಪೆಟ್ಟಿಗೆ. ಅದು ನಡೆಯಬೇಕಾದ ವಿಧಿಗಳನ್ನು ಕಾರ್ಖಾನೆಯಲ್ಲಿಯೇ ಅದರೊಳಗೆ ಬರೆದಿಟ್ಟಿರುತ್ತಾರೆ. ಇದಕ್ಕೆ ಫರ್ಮ್‌ವೇರ್ ಎಂದು ಹೆಸರು. ಈ ಪೆಟ್ಟಿಗೆಗಳ ಫರ್ಮ್‌ವೇರಿನಲ್ಲಿ ವಿಸ್ಕಾನ್ಸಿನ್ ಸರ್ವರಿನ ವಿಳಾಸವೊಂದನ್ನೇ ಅಂಕೆಗಳಲ್ಲಿ ಬರೆದಿತ್ತು, ಬೇರೆ ವಿಳಾಸವೇ ಇರಲಿಲ್ಲ. ಬರೆದವರು ವಿಶ್ವವಿದ್ಯಾಲಯವನ್ನು ಕೇಳಿರಲಿಲ್ಲ. ಅದರ ಜೊತೆಗೆ ಇನ್ನೊಂದು ವಿಧಿಯಿತ್ತು: ಉತ್ತರ ಬರುವವರೆಗೆ ಸೆಕೆಂಡಿಗೊಮ್ಮೆ ಕೇಳುತ್ತಲೇ ಇರುವುದು. ಇಂಥ ಪೆಟ್ಟಿಗೆಗಳು ತಯಾರಾದುದು 7,07,147.

ಪಾಲಕರು ಬಾಗಿಲನ್ನು ಮುಚ್ಚಿದಾಗ ಪ್ರವಾಹ ಏಕೆ ಏರಿತೆಂಬುದು ಈಗ ಸ್ಪಷ್ಟವಾಗುತ್ತದೆ. ಉತ್ತರ ಸಿಕ್ಕಿದ ಪೆಟ್ಟಿಗೆಯು ಸ್ವಲ್ಪ ಸುಮ್ಮನಿರುತ್ತಿತ್ತು. ಸಿಕ್ಕದ ಪೆಟ್ಟಿಗೆಯು ದಿನಕ್ಕೆ 86,400 ಸಲ ಕೇಳುತ್ತಿತ್ತು. ಆ ಪೆಟ್ಟಿಗೆಗೆ ಗಂಟೆಯೆಷ್ಟೆಂಬುದು ಏತಕ್ಕೆ ಬೇಕಾಗಿತ್ತೆಂದರೆ, ಬಹುಮಟ್ಟಿಗೆ ತನ್ನ ದಿನಚರಿಯಲ್ಲಿ ಇಂಥ ಹೊತ್ತಿಗೆ ಇಂಥದಾಯಿತೆಂದು ಬರೆದುಕೊಳ್ಳುವುದಕ್ಕೆ. ಆ ದಿನಚರಿಯನ್ನು ತೆರೆದು ನೋಡುವ ಗೃಹಸ್ಥರು ಎಷ್ಟು ಮಂದಿಯೋ!

ಇನ್ನು ವಿಚಾರಕ್ಕೆ ಬರಬೇಕು. ಇಲ್ಲಿ ಪೀಡೆಯುಂಟಾದುದು ನಿಜ. ಪೀಡಿಸಬೇಕೆಂದು ಯಾರೂ ಬಯಸಲಿಲ್ಲವೆಂಬುದೂ ನಿಜ. ಹಾಗಾದರೆ ಕರ್ತೃ ಯಾರು?

ಪೆಟ್ಟಿಗೆಯ ಒಡೆಯನಾದ ಗೃಹಸ್ಥನೆ? ಸ್ಮೃತಿಕಾರರು ಸ್ವಾಮಿಪಾಲವಿವಾದವೆಂಬ ಒಂದು ವ್ಯವಹಾರಪದವನ್ನೇ ಹೇಳಿದ್ದಾರೆ. ದನವು ಪರರ ಪೈರನ್ನು ಮೇಯ್ದರೆ ಒಡೆಯನು ತೆರಬೇಕೋ ಕಾಯುವವನು ತೆರಬೇಕೋ ಎಂಬ ಚರ್ಚೆ ಅಲ್ಲಿ ಬರುತ್ತದೆ. ಆದರೆ ದನವು ಎಲ್ಲಿಗೆ ಹೋಯಿತೆಂಬುದನ್ನು ಒಡೆಯನು ನೋಡಬಲ್ಲನು. ಈ ಪೆಟ್ಟಿಗೆಯ ಒಡೆಯನು ನೋಡಲಾರನು. ಅವನು ಮಲಗಿದ್ದಾಗಲೂ ಅದು ಕೇಳುತ್ತಿರುತ್ತದೆ, ಅವನಿಗೆ ಸಪ್ಪಳವಿಲ್ಲ. ಅಂಗಡಿಯಲ್ಲಿ ಹಣ ಕೊಟ್ಟು ಸಾಧುಪ್ರಾಣಿಯೆಂದು ಕೊಂಡುತಂದ ಹಸುವಿಗೆ ಪರರ ಗದ್ದೆಯ ದಾರಿಯನ್ನು ಮೊದಲೇ ಕಲಿಸಿಟ್ಟಿದ್ದರೆ ಅವನೇನು ಮಾಡಿಯಾನು? ಕಲಿಸಿ ಮಾರಿದವನನ್ನು ಹುಡುಕಬೇಕಾಗುತ್ತದೆ. ವೈಯಾಕರಣರು ಕೆಲಸವನ್ನು ಮಾಡುವವನಲ್ಲದೆ ಮಾಡಿಸುವವನನ್ನೂ ಕರ್ತೃವೆಂದು ಎಣಿಸಿ, ಅವನಿಗೆ ಹೇತುವೆಂದೂ ಹೆಸರಿಟ್ಟಿರುವುದು ಬರಿಯ ಪ್ರಯೋಗಸೌಕರ್ಯಕ್ಕಲ್ಲ. ಯೋಗಶಾಸ್ತ್ರದಲ್ಲಿಯೂ ಹಿಂಸೆಯನ್ನು ತಾನು ಮಾಡಿದುದು, ಮಾಡಿಸಿದುದು, ಒಪ್ಪಿದುದು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಮಾಡುವವನಿಗೆ ಚೈತನ್ಯವೇ ಇಲ್ಲದಿರುವಾಗ ಮಾಡಿಸಿದವನ ಪಾಲು ಕಡಮೆಯಾಗುವುದಿಲ್ಲ. ಪೂರ್ತಿಯಾಗಿ ಅವನಿಗೇ ಬರುತ್ತದೆ.

ಮಾಡಿಸಿದವನ ಪರವಾಗಿಯೂ ನ್ಯಾಯವಾದ ಮಾತೊಂದನ್ನು ಆಡಬಹುದು. ಆ ವಿಧಿಯನ್ನು ಬರೆದ ಎಂಜಿನಿಯರನ ಮೇಜಿನ ಮೇಲೆ ಇದ್ದಿರಬಹುದಾದುದು ಒಂದು ಪೆಟ್ಟಿಗೆ. ಆ ಒಂದು ಪೆಟ್ಟಿಗೆಯು ಸೆಕೆಂಡಿಗೊಮ್ಮೆ ಕೇಳಿದರೆ ಯಾರಿಗೂ ಏನೂ ಆಗದು. 48 ಬೈಟುಗಳನ್ನು ಕಳುಹಿಸಿದುದನ್ನು ಅಪರಾಧವೆಂದು ಯಾವ ನ್ಯಾಯಾಧೀಶನೂ ಹೇಳಲಾರನು. ಅಲ್ಲದೆ ಅವನು ಪರೀಕ್ಷಿಸಿದಾಗ ಸರ್ವರು ತಟ್ಟನೆ ಉತ್ತರ ಕೊಟ್ಟಿರಲೂಬಹುದು; ಉತ್ತರ ಬಾರದಿದ್ದರೆ ಏನೆಂಬ ವಿಧಿಯು ಅವನ ಕಣ್ಣೆದುರಿಗೆ ಒಂದು ಸಲವೂ ನಡೆಯದಿದ್ದಿರಬಹುದು. ಮೌನವನ್ನು ಕಾಣದವನು ಮೌನಕ್ಕೆ ಬರೆದ ವಿಧಿ ಅದು. ಆತುರದಲ್ಲಿ ಬರೆದ ಒಂದು ಸಾಲು, ಬರೆದು ಮರೆತದ್ದು.

ಈ ಸಮಾಧಾನವು ಸುಳ್ಳಲ್ಲ, ಆದರೆ ಸಾಲದು. ಜರ್ಮನಿಯ ತತ್ತ್ವಜ್ಞನಾದ ಕಾಂಟ್ ಮಹಾಶಯನು, ಮನುಷ್ಯನು ತಾನು ನಡೆಯುವ ನಿಯಮವು ಎಲ್ಲರ ನಿಯಮವಾದರೆ ಆಗುವುದೇನೆಂದು ಮನಸ್ಸಿನಲ್ಲಿ ತೂಗಿ ನೋಡಿ ನಡೆಯಬೇಕೆಂದನು. ಸಾಮಾನ್ಯನಿಗೆ ಇದು ಬರಿಯ ಭಾವನೆ; ಅವನ ನಿಯಮವು ಎಂದಿಗೂ ಎಲ್ಲರದಾಗುವುದಿಲ್ಲ. ಯಂತ್ರಕ್ಕೆ ವಿಧಿಯನ್ನು ಬರೆಯುವವನಿಗಾದರೋ ಅದು ಭಾವನೆಯಲ್ಲ, ಮುಂದಿನ ತಿಂಗಳು ನಡೆಯತಕ್ಕ ಸಂಗತಿ. ಅವನು ಬರೆದ ಸಾಲು ಏಳು ಲಕ್ಷ ಪ್ರತಿಗಳಾಗಿ ಅಚ್ಚಾಗಿ, ಏಳು ಲಕ್ಷ ಪೆಟ್ಟಿಗೆಗಳಲ್ಲಿ ಕುಳಿತುಕೊಳ್ಳುತ್ತದೆ. ಆದುದರಿಂದ ಅವನು ಮಾಡಿದುದು ಒಂದು ಚಿಕ್ಕ ತಪ್ಪು, ಅದು ದೈವವಶದಿಂದ ಏಳು ಲಕ್ಷ ಕಡೆ ಆಯಿತು ಎನ್ನುವುದು ಸರಿಯಲ್ಲ. ಏಳು ಲಕ್ಷವೆಂಬುದು ಆ ಕಂಪನಿಯ ಬಯಕೆಯೇ ಆಗಿತ್ತು. ಅಷ್ಟು ಮಾರುವುದಕ್ಕಾಗಿಯೇ ಅವರು ಅಂಗಡಿಯನ್ನಿಟ್ಟಿದ್ದರು. ಲಾಭದ ಲೆಕ್ಕವನ್ನು ಏಳು ಲಕ್ಷದಿಂದ ಗುಣಿಸಿ, ತಪ್ಪಿನ ಲೆಕ್ಕವನ್ನು ಮಾತ್ರ ಒಂದರಿಂದ ಗುಣಿಸುವುದು ಯಾವ ವರ್ತಕನಿಗೂ ಸಲ್ಲದು.

ಇದಕ್ಕಿಂತಲೂ ಆಳವಾದ ದೋಷವು ಮೌನದ ವಿಧಿಯಲ್ಲಿದೆ. ಕೇಳಿದವನಿಗೆ ಉತ್ತರ ಬಾರದಿದ್ದರೆ ಅದಕ್ಕೆ ಕಾರಣಗಳು ಹಲವು. ಮನೆಯವನು ಇಲ್ಲದಿರಬಹುದು, ಕಾಯಿಲೆಯಲ್ಲಿರಬಹುದು, ಕೊಡಲು ಮನಸ್ಸಿಲ್ಲದಿರಬಹುದು, ಅಥವಾ ಕೇಳುವವರ ಗುಂಪಿನಲ್ಲಿಯೇ ಸಿಕ್ಕಿ ಉಸಿರುಕಟ್ಟುತ್ತಿರಬಹುದು. ಈ ಯಾವ ಕಾರಣಕ್ಕೂ ಹೆಚ್ಚು ಬೇಗಬೇಗನೆ ಕೇಳುವುದು ತಕ್ಕ ಉತ್ತರವಲ್ಲ. ಕೊನೆಯ ಕಾರಣಕ್ಕಂತೂ ಅದು ಕೊಲ್ಲುವ ಉತ್ತರ. ದಣಿದ ಸರ್ವರು ಒಂದು ಚೀಟಿಯನ್ನು ಬಿಟ್ಟರೆ ಬಿಟ್ಟದ್ದು ಸೆಕೆಂಡಿನೊಳಗೆ ಮತ್ತೆ ಬರುತ್ತದೆ. ಹತ್ತು ಬಿಟ್ಟರೆ ಹತ್ತೂ ಬರುತ್ತವೆ. ಇಂಥ ವಿಧಿಯ ಎದುರಿಗೆ ದಾನಿಯ ಸ್ಥಿತಿಯನ್ನು ನೋಡಿರಿ. ಕೊಡುತ್ತಿದ್ದರೆ ಒಂದಷ್ಟು ಭಾರ, ಕೊಡದೆ ನಿಲ್ಲಿಸಿದರೆ ಅದಕ್ಕಿಂತ ಹೆಚ್ಚಿನ ಭಾರ. ಬೇಡವೆನ್ನುವ ಸ್ವಾತಂತ್ರ್ಯವಿರುವವರೆಗೆ ದಾನವು ದಾನ. ಆ ಸ್ವಾತಂತ್ರ್ಯ ಹೋದ ಮೇಲೆ ಅದು ಕಪ್ಪಕಾಣಿಕೆಯಾಗುತ್ತದೆ. ಕೇಳುವವನು ದಾನಿಯಿಂದ ಕಿತ್ತುಕೊಳ್ಳಬಾರದ ವಸ್ತುವೊಂದಿದ್ದರೆ ಅದು ಇಲ್ಲವೆನ್ನುವ ಅಧಿಕಾರ. ವಿಸ್ಕಾನ್ಸಿನ್ನಿನವರಿಂದ ಹೋದುದು ಅದು.

‘ಬಾಗಿಲನ್ನು ತೆರೆದಿಟ್ಟವರು ಅವರೇ, ವಿಳಾಸವನ್ನು ಲೋಕಕ್ಕೆಲ್ಲ ಸಾರಿದವರೂ ಅವರೇ, ಈಗ ದೂರುವುದೇಕೆ?’ ಎಂದು ಲೌಕಿಕರು ಕೇಳಬಹುದು. ಅರವಟ್ಟಿಗೆಯ ಪಾನಕವು ದಾರಿಹೋಕರೆಲ್ಲರದೂ ಹೌದು. ಹಾಗೆಂದು ಒಬ್ಬ ವರ್ತಕನು ತನ್ನ ಹೋಟೆಲಿಗೆ ನೀರನ್ನು ಅಲ್ಲಿಂದ ಕೊಳವೆಯಿಟ್ಟು ಎಳೆದುಕೊಂಡರೆ, ‘ಎಲ್ಲರಿಗೂ ಎಂದು ಬರೆದಿತ್ತಲ್ಲ’ ಎಂಬ ಮಾತು ಅವನನ್ನು ಕಾಯುವುದಿಲ್ಲ. ದಾರಿಹೋಕನಾಗಿ ಬರುವುದು ಬೇರೆ, ದಾರಿಹೋಕರನ್ನು ಮಾರಿ ಬದುಕುವುದು ಬೇರೆ. ಬಾಯಾರಿದವನು ಕೇಳದೆಯೇ ಕುಡಿಯಬಹುದು. ಕೊಳವೆಯಿಡುವವನು ಮೊದಲು ಬಂದು ಕೇಳಬೇಕು.

ವಿಸ್ಕಾನ್ಸಿನ್ನಿನಲ್ಲಿ ವಿಳಾಸವಾದರೂ ಸಾರ್ವಜನಿಕವಾಗಿತ್ತು. ಡೆನ್ಮಾರ್ಕಿನಲ್ಲಿ ನಡೆದುದರಲ್ಲಿ ಆ ನೆಪಕ್ಕೂ ಎಡೆಯಿಲ್ಲ. ಪೌಲ್-ಹೆನ್ನಿಂಗ್ ಕ್ಯಾಂಪ್ ಎಂಬ ಗಣಕವಿದ್ವಾಂಸರು ಆ ದೇಶದ ಇಂಟರ್ನೆಟ್ ವಿನಿಮಯಕೇಂದ್ರದಲ್ಲಿ ಮೊದಲನೆಯ ಮೆಟ್ಟಿಲಿನ ಸರ್ವರೊಂದನ್ನು ಲೋಕೋಪಕಾರಕ್ಕಾಗಿ ಇಟ್ಟಿದ್ದರು. ಆ ಕೇಂದ್ರಕ್ಕೆ ನೇರವಾಗಿ ಕೂಡಿದ ಸರ್ವರುಗಳು ಮಾತ್ರ ಕೇಳಬಹುದೆಂದು ಸ್ಪಷ್ಟವಾಗಿ ಪ್ರಕಟಿಸಿದ್ದರು. ಬಳಕೆ ಅಲ್ಪವಾಗಿರುವುದೆಂಬ ನಂಬಿಕೆಯಿಂದ ಕೇಂದ್ರದವರೂ ಸಂಪರ್ಕವನ್ನು ಪುಕ್ಕಟೆಯಾಗಿ ಕೊಟ್ಟಿದ್ದರು. 2005ರಲ್ಲಿ ಬಂದ ಚೀಟಿಗಳನ್ನು ಎಣಿಸಿ ನೋಡಿದರೆ ನೂರಕ್ಕೆ 75ರಿಂದ 90ರಷ್ಟು ಡಿ-ಲಿಂಕ್ ಕಂಪನಿಯ ರೌಟರುಗಳವು. ಕೇಂದ್ರದವರು ಇನ್ನು ಮೇಲೆ ವರ್ಷಕ್ಕೆ 54,000 ಕ್ರೋನರ್ ಕೊಡಬೇಕೆಂದರು. ಪುಣ್ಯಕ್ಕೆ ಅರವಟ್ಟಿಗೆಯಿಟ್ಟವನು ನೀರಿನ ಕಂದಾಯವನ್ನೂ ತೆರಬೇಕಾಯಿತು. ಅವರು ನವೆಂಬರಿನಲ್ಲಿ ಕಂಪನಿಗೆ ಬರೆದುಕೊಂಡರು. ಮುಂದೆ ಅವರೇ ಬಹಿರಂಗವಾಗಿ ತಿಳಿಸಿದ ಪ್ರಕಾರ, ಕಂಪನಿಯವರು ತಮ್ಮಲ್ಲಿ ದೋಷವೇ ಇಲ್ಲವೆಂದರು, ಹಣ ಸುಲಿಯುವವರೆಂದು ಇವರ ಮೇಲೆಯೇ ಮಾತನ್ನು ಹೊರಿಸಿದರು, ಕೊಡುತ್ತೇವೆಂದ ಮೊತ್ತವೂ ಖರ್ಚಿಗೆ ಸಾಲದಾಗಿತ್ತು. 2006ನೆಯ ಏಪ್ರಿಲ್ 7ರಂದು ಅವರು ಇದನ್ನೆಲ್ಲ ಬಹಿರಂಗ ಪತ್ರವಾಗಿ ಪ್ರಕಟಿಸಿದರು. ಅದೇ ತಿಂಗಳ 27ರಂದು ವಿವಾದವು ಸ್ನೇಹದಿಂದ ಮುಗಿಯಿತೆಂದು ತಿಳಿಸಿದರು. ಹಳೆಯ ಪೆಟ್ಟಿಗೆಗಳು ಅವರ ಅಪ್ಪಣೆಯಿಂದ ಕೇಳುವುದೆಂದೂ, ಹೊಸ ಪೆಟ್ಟಿಗೆಗಳು ಅವರ ಬಾಗಿಲಿಗೆ ಬರುವುದಿಲ್ಲವೆಂದೂ ಒಪ್ಪಂದವಾಯಿತು. ಐದು ತಿಂಗಳು ಆಗದ ಕೆಲಸ ಇಪ್ಪತ್ತು ದಿನದಲ್ಲಿ ಆಯಿತು. ಲೋಕಾಪವಾದದ ಭಯಕ್ಕೆ ಧರ್ಮಬುದ್ಧಿಗಿಂತ ಕಾಲು ಚುರುಕೆಂದು ತೋರುತ್ತದೆ.

ನೆಟ್‌ಗಿಯರಿನವರು ಇದಕ್ಕಿಂತ ಚೆನ್ನಾಗಿ ನಡೆದುಕೊಂಡರೆಂಬುದನ್ನು ಹೇಳದಿರುವುದು ಅನ್ಯಾಯವಾದೀತು. ದೋಷವನ್ನು ಒಪ್ಪಿ ಫರ್ಮ್‌ವೇರನ್ನು ತಿದ್ದಿದರು. ದೋಷವನ್ನು ಕಂಡುಹಿಡಿಯುವುದರಲ್ಲಿ ಮಾಡಿದ ಸಹಾಯಕ್ಕೆಂದು ವಿಶ್ವವಿದ್ಯಾಲಯಕ್ಕೆ 3,75,000 ಡಾಲರುಗಳನ್ನು ಕೊಟ್ಟರು. ಸಹಾಯಕ್ಕೆ ಕೃತಜ್ಞತೆಯೆಂಬ ಆ ಹೆಸರಿನ ವಿಷಯದಲ್ಲಿ ಮಾತ್ರ ಸ್ವಲ್ಪ ಮನಸ್ಸು ತಡೆಯುತ್ತದೆ. ಗದ್ದೆ ಮೇಯ್ದ ದನವನ್ನು ಹಿಡಿದುಕೊಟ್ಟುದಕ್ಕೆ ಇನಾಮು ಕೊಟ್ಟಂತೆ ಅದು. ಪೈರಿಗೆ ಬೆಲೆ ತೆತ್ತೆನೆಂದಿದ್ದರೆ ಇನ್ನೂ ಘನತೆಯಿರುತ್ತಿತ್ತು. ಆದರೂ ಕೊಟ್ಟರು. ಆಸ್ಟ್ರೇಲಿಯದಲ್ಲಿ ಅದೇ 2003ರಲ್ಲಿ ಬೇರೊಂದು ಕಂಪನಿಯ ರೌಟರುಗಳ ದೆಸೆಯಿಂದ ಸರಕಾರದ ವೈಜ್ಞಾನಿಕ ಸಂಸ್ಥೆಯಾದ ಸಿ.ಎಸ್.ಐ.ಆರ್.ಒ.ದ ರಾಷ್ಟ್ರೀಯ ಮಾಪನ ಪ್ರಯೋಗಶಾಲೆಯವರು ತಮ್ಮ ಕಾಲದ ಸರ್ವರುಗಳನ್ನು ಸಾರ್ವಜನಿಕರಿಗೆ ಮುಚ್ಚಿಬಿಡಬೇಕಾಯಿತು. ಮಿತವಾಗಿ ಕೇಳುತ್ತಿದ್ದವರಿಗೂ ಆಗ ಅಲ್ಲಿ ಉತ್ತರವಿಲ್ಲದಾಯಿತು.

ಅನಂತರದ ವರ್ಷಗಳಲ್ಲಿ ಬುದ್ಧಿ ಬಾರದೆ ಹೋಗಲಿಲ್ಲ. ಪರರ ವಿಳಾಸವನ್ನು ಯಂತ್ರದೊಳಗೆ ಕೆತ್ತಿಡಬಾರದೆಂಬ ಉಪದೇಶಪತ್ರವೊಂದನ್ನು ಪ್ಲಾಂಕಾ ಅವರೇ ಬರೆದು, ಅದು 2005ರ ಜೂನಿನಲ್ಲಿ ಇಂಟರ್ನೆಟ್ ಪದ್ಧತಿಗಳ ಸಾಲಿಗೆ ಸೇರಿತು. ‘ಇನ್ನು ಸಾಕು, ನಿಧಾನಿಸು’ ಎಂದು ಸರ್ವರು ಹೇಳುವುದಕ್ಕೆ ಒಂದು ಸಂಕೇತವೂ ಏರ್ಪಟ್ಟಿತು. ಕೇಳಿಸಿಕೊಳ್ಳುವ ಕಿವಿಯನ್ನು ಮಾತ್ರ ಪೆಟ್ಟಿಗೆಯನ್ನು ಮಾಡುವವನೇ ಇಡಬೇಕು. 2003ರಲ್ಲಿ ಹುಟ್ಟಿದ ಎನ್.ಟಿ.ಪಿ. ಪೂಲ್ ಎಂಬ ಕೂಟದಲ್ಲಿ ಸಾವಿರಾರು ಸರ್ವರುಗಳು ಭಾರವನ್ನು ಹಂಚಿಕೊಳ್ಳುತ್ತವೆ. ಯಂತ್ರಗಳನ್ನು ಮಾಡಿ ಮಾರುವವರು ಮೊದಲೇ ಬಂದು ತಮಗೆಂದು ಒಂದು ಹೆಸರನ್ನು ಕೇಳಿ ಪಡೆಯಬೇಕೆಂಬುದು ಅಲ್ಲಿಯ ನಿಯಮ. ಹೀಗಿದ್ದರೂ 2016ರ ಡಿಸೆಂಬರಿನಲ್ಲಿ ಸ್ನ್ಯಾಪ್‌ಚಾಟ್ ಎಂಬ ಫೋನಿನ ತಂತ್ರಾಂಶವು ಆ ಕೂಟದ ಮೇಲೆ ಮುಗಿಬಿದ್ದಿತು. ತಿಳಿಸಿದೊಡನೆ ಆ ಕಂಪನಿಯವರು ಒಂದು ದಿನದೊಳಗೆ ತಿದ್ದಿಕೊಂಡು, ತಪ್ಪಿಗೆ ಪ್ರತಿಯಾಗಿ ತಾವೇ ಕೆಲವು ಸರ್ವರುಗಳನ್ನು ಕೂಟಕ್ಕೆ ಕೊಟ್ಟರು. ಫೋನಿಗೆ ತಿದ್ದುಪಡಿಯು ಗಾಳಿಯಲ್ಲಿಯೇ ಹೋಗಿ ಸೇರುತ್ತದೆ.

ಕಪಾಟಿನ ಮೇಲಿನ ಪೆಟ್ಟಿಗೆಗೆ ಆ ಅನುಕೂಲವಿರಲಿಲ್ಲ. ನೆಟ್‌ಗಿಯರಿನವರು ತಿದ್ದಿ ಬರೆದ ವಿಧಿಯು ಹೀಗಿತ್ತು: ಕಂಪನಿಯ ಸ್ವಂತ ಸರ್ವರುಗಳನ್ನೇ ಕೇಳತಕ್ಕದ್ದು, ಹತ್ತು ನಿಮಿಷಕ್ಕೊಮ್ಮೆ ಮಾತ್ರ ಕೇಳತಕ್ಕದ್ದು, ಐದು ಸಲ ಉತ್ತರ ಬಾರದಿದ್ದರೆ ಬಿಟ್ಟುಬಿಡತಕ್ಕದ್ದು. ಯತಿಧರ್ಮವನ್ನು ಓದಿದವರು ಬರೆದಂತಿದೆ. ಆದರೆ ಅಷ್ಟು ಹೊತ್ತಿಗೆ ಲಕ್ಷಾಂತರ ಪೆಟ್ಟಿಗೆಗಳು ಮನೆಗಳನ್ನು ಸೇರಿಯಾಗಿತ್ತು. ಈ ಹೊಸ ವಿಧಿಯನ್ನು ಗೃಹಸ್ಥನು ತಾನೇ ಹುಡುಕಿ ತಂದು ಪೆಟ್ಟಿಗೆಯೊಳಗೆ ತುಂಬಿಕೊಳ್ಳಬೇಕು. ಅವನೇಕೆ ಹುಡುಕಿಯಾನು? ಪೆಟ್ಟಿಗೆಯು ಅವನ ಪಾಲಿಗೆ ಕೆಟ್ಟಿದ್ದರೆ ಅವನಿಗೆ ತಿಳಿಯುತ್ತಿತ್ತು. ಅದು ಕೆಟ್ಟಿದ್ದುದು ಸಾವಿರಾರು ಮೈಲಿಯಾಚೆಯ ಇನ್ನೊಬ್ಬರ ಪಾಲಿಗೆ. ತಿಳಿಯದಿರುವವರೆಗೆ ಅವನು ನಿರ್ದೋಷಿ. ಯಾರಾದರೂ ತಿಳಿಸಿದ ಮೇಲೂ, ‘ನನ್ನದು ಸರಿಯಾಗಿಯೇ ನಡೆಯುತ್ತಿದೆ’ ಎಂದು ಸುಮ್ಮನಾದ ಗೃಹಸ್ಥನು ಮಾತ್ರ ಆ ಮೂರು ಬಗೆಯಲ್ಲಿ ಕೊನೆಯದಕ್ಕೆ, ಒಪ್ಪಿದವರ ಸಾಲಿಗೆ, ಬಂದು ಸೇರುತ್ತಾನೆ. ಉಳಿದ ಪೆಟ್ಟಿಗೆಗಳು ಯಾರೋ ತಂತಿಯನ್ನು ಕಿತ್ತು ಅಟ್ಟಕ್ಕೆ ಎಸೆಯುವ ದಿನದವರೆಗೆ ಮ್ಯಾಡಿಸನ್ನಿನ ಬಾಗಿಲನ್ನು ಬಡಿಯುತ್ತಲೇ ಇರುವಂತೆ ಬರೆಯಲ್ಪಟ್ಟವು.